ಮೈದುನನ ಚೀಲ, ನನ್ನ ಬೈಗುಳ

ಆಗ ನನಗೆ ಅರವತ್ತೊಂಬತ್ತು. ಮೂರು ವರ್ಷದ ಹಿಂದಿನ ಮಾತು. ನನ್ನ ಮೈದುನನಿಗೆ ಹುಚ್ಚು ಎಂದು ನಿಜಲಿಂಗಪ್ಪ ಬಡಾವಣೆಯ ನಮ್ಮ ಬೀದಿಯವರೆಲ್ಲ ಹೇಳುತ್ತಿದ್ದರು. ನಾನು ಒಪ್ಪುತ್ತಿರಲಿಲ್ಲ. ಹುಚ್ಚರು ನಡುನಡುವೆ ಒಂದಿಷ್ಟು ಹೊತ್ತು ಸುಮ್ಮನಿರುತ್ತಾರೆ.

ಇವನು ಮಿಲಿಟರಿ ಬ್ಯಾಂಡಿನಲ್ಲಿ ಬ್ಯಾಗ್‌ಪೈಪ್ ಊದಿ ರಿಟೈರಾದವನು. ತೊಗಲಿನ ಚೀಲವನ್ನು ಕಂಕುಳಲ್ಲಿಟ್ಟು, ಬಾಯಿಂದ ಗಾಳಿ ತುಂಬಿ, ಮೊಳಕೈಯಿಂದ ಅಮುಕಿದರೆ ಅದಕ್ಕೆ ಸಿಕ್ಕಿಸಿದ ಕೊಳವೆಗಳೆಲ್ಲ ಒಟ್ಟಿಗೆ ಕೂಗುತ್ತವೆ. ಹೆಂಡತಿ ತೀರಿಕೊಂಡ ಮೇಲೆ ನಮ್ಮ ಮನೆಯ ಮುಂದಿನ ಕೋಣೆಗೆ ಬಂದ. ಚೀಲವೂ ಬಂತು. ನನ್ನ ಗಂಡ ಪುಣ್ಯವಂತರು. ಇವನು ಚೀಲ ಎತ್ತಿದ ಕೂಡಲೇ ಕಿವಿಯ ಮಿಷನ್ನು ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ನನ್ನ ಕಿವಿ ನೆಟ್ಟಗಿದ್ದವು. ಏನು ಮಾಡಲಿ?

ತೊಗಲು ಒಣಗಬಾರದೆಂದು ಒಮ್ಮೆ ಚೀಲದೊಳಗೆ ಬೆಲ್ಲದ ಪಾಕ ಹೊಯ್ದ. ಆಮೇಲೆ ಊದಿದರೆ ರಾಗಕ್ಕಿಂತ ಮುಂಚೆ ಇರುವೆಗಳು ಸಾಲಾಗಿ ಹೊರಬಂದವು.

"ನಿನ್ನ ಸಂಗೀತ ಕೇಳಾಕೆ ಇವಾದ್ರೂ ಬಂದ್ವಲ್ಲಪ್ಪ" ಎಂದೆ.

"ಬಂದಿಲ್ಲ ಅತ್ತಿಗಿ, ಓಡಿ ಹೋಗ್ತದಾವೆ" ಎಂದ.

ಎದುರು ಮನೆಯಾಕೆ ನನ್ನ ಕಿವಿಯಲ್ಲಿ, "ಏನೋ ಮೆಟ್ಕೊಂಡೈತೆ, ದೆವ್ವ ಬಿಡಿಸಾಕೆ ಉಕ್ಕಡಗಾತ್ರಿ ಗುಡಿಗೆ ಕರ್ಕೊಂಡು ಹೋಗ್ರಿ" ಎಂದಳು. ಇವನಿಗೆ ಕೇಳಿಸಿಬಿಟ್ಟಿತು. "ನಡೀರಿ ಅಕ್ಕಾರೆ, ಹೊಳೆ ದಂಡೇಲಿ ರೆಕಾರ್ಡಿಂಗ್ ಚಲೋ ಬರ್ತೈತೆ" ಎಂದು ಚಪ್ಪಲಿ ಹಾಕಿಕೊಂಡೇ ಬಿಟ್ಟ.

ಅವನ ಜೀವವೆಲ್ಲ ಇದ್ದದ್ದು ಜನಪದ ವಾದ್ಯದವರ ಒಂದು ವಾಟ್ಸಾಪ್ ಗುಂಪಿನಲ್ಲಿ. ಡೊಳ್ಳಿನವರು, ಸನಾದಿಯವರು, ಚೌಡಿಕೆಯವರು ಅಲ್ಲಿ ತಮ್ಮ ತಮ್ಮ ಪದ ಹಾಕುತ್ತಾರೆ. ಇವನೂ ದಿನಾ ಬೆಳಗ್ಗೆ ತನ್ನದನ್ನು ಹಾಕಿ, ಮಧ್ಯಾಹ್ನದವರೆಗೆ ಫೋನು ನೋಡುತ್ತಾ ಕೂರುವನು. ಯಾರೂ ಪಿಟಕ್ಕೆನ್ನುತ್ತಿರಲಿಲ್ಲ. ಕೊನೆಗೆ ಗುಂಪು ನಡೆಸುವ ಹರಿಹರದ ಡೊಳ್ಳಿನವನು ದನಿ ಕಳಿಸಿದ: "ಸಿಟ್ಟಾಗಬ್ಯಾಡ್ರಿ ಯಜಮಾನ್ರೆ. ಇದು ಪರೇಡಿನ ವಾದ್ಯ. ನಮ್ಮ ಮಣ್ಣಿಂದು ಏನಾರ ನುಡಿಸ್ರಿ. ಇಲ್ಲಾಂದ್ರೆ ಈ ವಾರ ನಿಮ್ಮನ್ನ ಗುಂಪಿಂದ ತೆಗಿಯಾದೇ."

ಇವನು ಬಿಡುವವನೇ? ಸೋಬಾನೆ ಪದ ಹಿಡಿದ. ಅದು ಅವನ ಚೀಲದಲ್ಲಿ ಲೆಫ್ಟ್ ರೈಟ್ ಹಾಕಿತು. ಮದುಮಗಳು ಎದ್ದು ಸೆಲ್ಯೂಟ್ ಹೊಡೆಯಬೇಕು, ಹಾಗೆ. ಮತ್ತೆ ಊದಿದ. ಮತ್ತೆ ಅಳಿಸಿದ. ಊಟಕ್ಕೆ ಕರೆದರೆ ಬರಲಿಲ್ಲ.

ವಾರ ಮುಗಿಯುತ್ತ ಬಂದಿತ್ತು. ಒಲೆಯ ಮೇಲಿನ ಹಾಲು ನೋಡಿಕೋ ಎಂದು ಅವನಿಗೆ ಹೇಳಿ ಸ್ನಾನಕ್ಕೆ ಹೋದೆ. ಬಂದರೆ ಹಾಲು ನೆಲಕ್ಕೆ ಹರಿಯುತ್ತಿದೆ, ಇವನು ಫೋನಿನಲ್ಲಿ ರೆಕಾರ್ಡಿಂಗ್ ಆನ್ ಮಾಡಿಕೊಂಡು ಊದುತ್ತಿದ್ದಾನೆ.

"ಹಾಲು ನೋಡ್ಕ ಅಂದ್ರೆ ಗಾಳಿ ತುಂಬ್ತಾ ಕುಂತೀಯೇನೋ, ನಿನ್ನ ಚೀಲಾನ ಇಲಿ ಕಡೀಲಿ" ಎಂದು ಶುರುಮಾಡಿದೆ.

ಅವನು ಕೊಳವೆಯಿಂದ ಬಾಯಿ ತೆಗೆದು "ತಪ್ಪಾತು ಅತ್ತಿಗಿ" ಎಂದ. ಆದರೆ ಆ ವಾದ್ಯ ಬಾಯಿ ತೆಗೆದರೂ ನಿಲ್ಲುವುದಿಲ್ಲ; ಚೀಲದಲ್ಲಿ ಗಾಳಿ ಇರುವಷ್ಟು ಹೊತ್ತು ಗುಂಯ್ ಎನ್ನುತ್ತದೆ. ಅದು ಗುಂಯ್ ಎನ್ನುವಷ್ಟು ಹೊತ್ತು ನಾನೂ ಬೈದೆ. ಗಾಬರಿಯಲ್ಲಿ ಅವನು ಎಲ್ಲವನ್ನೂ ಅಳಿಸಲು ಹೋಗಿ ಗುಂಪಿಗೆ ಕಳಿಸಿಬಿಟ್ಟ.

ಮಧ್ಯಾಹ್ನ ಗುಂಪೇ ಎದ್ದು ಕೂತಿತು. ಹರಿಹರದವನು ಕೇಳಿದ: "ಯಾರ್ರೀ ಆ ಅಮ್ಮ? ಬೈಗುಳ ಚೀಲದ ಶ್ರುತಿಯಿಂದ ಒಂದು ಕೂದಲಷ್ಟೂ ಆಚೀಚೆ ಆಗಿಲ್ಲ. ಮಣ್ಣಿನ ಪದ ಅಂದ್ರೆ ಇದು. ಆ ಅಮ್ಮನ ಜೊತೆ ಇನ್ನೊಂದು ಕಳಿಸ್ರಿ, ನಿಮ್ಮನ್ನ ಯಾರೂ ತೆಗಿಯಲ್ಲ."

ಸಂಜೆ ಮೈದುನ ಅಡುಗೆಮನೆಯ ಹೊಸ್ತಿಲಲ್ಲಿ ನಿಂತ.

"ಬ್ಯಾಡ. ನಾನು ಫೋನಿಗೆ ಬೈಯೋಳಲ್ಲ" ಎಂದೆ.

"ಮನಸಿಂದ ಬೈಬೇಕಂತೇನಿಲ್ಲ ಅತ್ತಿಗಿ."

"ಸುಳ್ಳುಸುಳ್ಳೇ ಬೈಯೋದು ನಂಗೆ ಬರಲ್ಲ."

ಅವನು ಹೋಗಲಿಲ್ಲ. ನೆಲ ನೋಡುತ್ತಾ ಹೇಳಿದ: "ಆಕಿ ದಿನಾ ಬೈಯೋಳು, ನಾ ಊದೋನು. ಆಕಿ ಹೋದ ಮ್ಯಾಲೆ ನೆಂಟರೆಲ್ಲ ಪಾಪ ಅಂತಾರೆ. ಬೈಯೋರು ನೀವೊಬ್ರೇ."

ನಾನು ರೊಟ್ಟಿ ತಟ್ಟಿದೆ.

ಮರುದಿನ ಬೆಳಗ್ಗೆ ಹಲ್ಲಿನ ಸೆಟ್ಟು ಹಾಕಿಕೊಂಡು, ಅವನ ಕೋಣೆಯ ಬಾಗಿಲಿಗೆ ಕುರ್ಚಿ ಎಳೆದುಕೊಂಡು ಕೂತೆ. ಅವನು ಚೀಲ ತುಂಬಿದ. ಗುಂಯ್ ಎಂದ ಕೂಡಲೇ, ಅವನ ಅಂಗಿಯ ಗುಂಡಿಯಿಂದ ಹಿಡಿದು ಬೈಯಲು ಶುರುಮಾಡಿದೆ.