ಶಹಾಬಾದದವರಿಗೆ ಯಾವ ಪುಸ್ತಕ ಕೊಡಲಿ?

ನಮ್ಮ ಕಡೆ ಪುಸ್ತಕ ಓದುವವರಿಗಿಂತ "ಆ ಪುಸ್ತಕ ಓದ್ರಿ" ಎಂದು ಹೇಳುವವರೇ ಹೆಚ್ಚು. ಅವರಿಗಿಂತಲೂ ಹೆಚ್ಚು ಮಂದಿ ಯಾರೆಂದರೆ, "ಚಲೋದು ಯಾವುದರ ಇದ್ದರ ಹೇಳ್ರಿ" ಎಂದು ಕೇಳಿ, ಒಯ್ದ ಪುಸ್ತಕದಿಂದ ಓದುವುದೊಂದನ್ನು ಬಿಟ್ಟು ಬೇರೆಲ್ಲ ಕೆಲಸ ಮಾಡಿಸುವವರು. ಇಂಥವರ ನಡುವೆ ಕುರ್ಚಿ ಹಾಕಿಕೊಂಡು ಕೂತವನಿಗೆ ತಮಾಷೆಗೆ ಬರವೇ ಇಲ್ಲ.

ನಾನು ಕೂತದ್ದು ಶಹಾಬಾದದ ಒಂದು ವಾಚನಾಲಯದಲ್ಲಿ. ಮೈಸೂರು ರಾಜ್ಯಕ್ಕೆ ಸೇರಿದ ಹುರುಪಿನಲ್ಲಿ ಊರ ಹಿರಿಯರು ಒಂದು ಖೋಲಿ ಹಿಡಿದು, ಎರಡು ಕಪಾಟು ತುಂಬ ಕನ್ನಡ ಪುಸ್ತಕ ತಂದಿಟ್ಟು, ಕೊರಳಿಗೆ ಹಾರ ಹಾಕಿಸಿಕೊಂಡು ಹೋದವರು ಮತ್ತೆ ಆ ಕಡೆ ಹಾಯ್ದಿರಲಿಲ್ಲ. ಕೊನೆಗೆ ಪುಸ್ತಕ ನೋಡಿಕೊಳ್ಳಲು ನನ್ನನ್ನು ತಾತ್ಕಾಲಿಕ ಎಂದು ಕೂರಿಸಿದರು. ಸೇರಿದ ದಿನವೇ ಸಮಿತಿಯ ಅಧ್ಯಕ್ಷರು ಹೇಳಿಬಿಟ್ಟರು:

"ನೋಡಪಾ ತಮ್ಮಾ, ಯುಗಾದಿ ತನಕ ಟೈಮ್ ಅದ. ಅಷ್ಟರಾಗ ಓದೋ ಮಂದಿ ಬಂದ್ರ ಖೋಲಿನೂ ನಿಂದು, ನೌಕರಿನೂ ನಿಂದು. ಬರಲಿಲ್ಲಂದ್ರ ಖೋಲಿ ಕೇರಂ ಕ್ಲಬ್ಬಿಗೆ ಕೊಡ್ತೀವಿ."

ಕೇರಂ ಕ್ಲಬ್ಬು ಎಂದರೆ ಅವರ ಹೆಂಡತಿಯ ತಮ್ಮ. ಆಗಲೇ ಬಾಗಿಲಲ್ಲಿ ನಿಂತು ಎಲ್ಲಿ ಬೋರ್ಡು, ಎಲ್ಲಿ ಬೆಂಚು ಎಂದು ಕಣ್ಣಲ್ಲೇ ಜೋಡಿಸುತ್ತಿದ್ದ.

ನಾನೇನು ಅಂಜುವ ಪೈಕಿಯೇ? ಭಂಕೂರದವ ನಾನು. "ಸಾಹೇಬ್ರ, ನಮ್ಮೂರಾಗ ಎಮ್ಮಿ ಬಾಯಿ ತೆರದು ಹಲ್ಲು ನೋಡಿ ವಯಸ್ಸು ಹೇಳ್ತಾರ. ನಾ ಮನಷ್ಯಾನ ಮಾರಿ ನೋಡಿ ಅವಗ ಯಾವ ಪುಸ್ತಕ ಹಿಡಿಸ್ತದಂತ ಹೇಳ್ತೀನಿ" ಎಂದೆ. ಹೇಳಿದ್ದು ಖರೆಯೇ. ಒಂದೇ ಫರಕು. ಎಮ್ಮೆ ಹಲ್ಲು ತೋರಿಸುವಾಗ ಸುಳ್ಳು ಹೇಳುವುದಿಲ್ಲ.

ಬಡಿದು ನೋಡಿದ ಪುಸ್ತಕ

ಮೊದಲ ಗಿರಾಕಿ ಫರಸಿ ಕಲ್ಲಿನ ಸಾವ್ಕಾರ. ಕೈಯಲ್ಲಿ ನಾಲ್ಕು ಉಂಗುರ, ಮೈಮೇಲೆ ಕಲ್ಲಿನ ಪುಡಿ.

"ಒಂದು ಗಟ್ಟಿ ಪುಸ್ತಕ ಹೇಳಪಾ" ಎಂದರು.

"ಗಟ್ಟಿ" ಎಂದರೆ ವಿಚಾರವುಳ್ಳದ್ದು ಎಂದು ನಾನು ತಿಳಿದೆ. ತಪ್ಪು ನನ್ನದಲ್ಲ, ವಾಚನಾಲಯದಲ್ಲಿ ಯಾರೂ ಬೇರೆ ಅರ್ಥ ಮಾಡುವುದಿಲ್ಲ. ಆಯ್ದು ಆಯ್ದು ಐದಾರು ತೆಗೆದಿಟ್ಟೆ. ಸಾವ್ಕಾರರು ಒಂದನ್ನೂ ತೆರೆಯಲಿಲ್ಲ. ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು, ಬೆರಳ ಗಂಟಿನಿಂದ ಟಣ್ ಟಣ್ ಎಂದು ಬಡಿದು ಕೇಳಿದರು. ಕಲ್ಲಿನಂಗಳದಲ್ಲಿ ಹಾಗೆ ಬಡಿಯುತ್ತಾರೆ. ಬಿರುಕಿದ್ದರೆ ಫರಸಿ ಒಡಕು ದನಿ ಕೊಡುತ್ತದೆ.

"ಇದರಾಗ ಜೀವ ಇಲ್ಲ... ಇದು ಒಳಗ ಟೊಳ್ಳು... ಹಾಂ, ಇದು ನೋಡು ಮಾಲು!"

ಎಲ್ಲಕ್ಕಿಂತ ದಪ್ಪದ್ದನ್ನು ಬಗಲಲ್ಲಿ ಇಟ್ಟುಕೊಂಡು ನಡೆದರು. ಹದಿನೈದು ದಿನ ಬಿಟ್ಟು ಬಂದಾಗ ಮುಖ ಅರಳಿತ್ತು. ನನ್ನ ಎದೆಯೂ ಉಬ್ಬಿತು.

"ಹ್ಯಾಂಗ ಅನಿಸ್ತರಿ ಸಾವ್ಕಾರ್ರ?"

"ಏ, ಭಾಳ ಚಲೋ ಪುಸ್ತಕ ಕೊಟ್ಟಿ. ಹೊಸ ಮನಿ ಪಡಸಾಲಿ ಬಾಕಲ ಗಾಳಿಗೆ ಬಡಕೊಂಡು ತಲಿ ತಿಂತಿತ್ತು, ಈಗ ಉಸುರಿಲ್ಲ. ಇದರ ಎರಡನೇ ಭಾಗ ಅದ ಏನು? ಹಿತ್ತಲ ಬಾಕಲಕ್ಕ ಬೇಕಾಗ್ಯದ."

ಯಾರೂ ಬರೆಯದ ಪುಸ್ತಕ

ಚಿತ್ತಾಪುರದಿಂದ ಒಬ್ಬ ಮಾಸ್ತರು ವಾರಕ್ಕೊಮ್ಮೆ ಬರುತ್ತಿದ್ದರು. ಓದಲಿಕ್ಕಲ್ಲ, ಓದಿದ್ದೇನೆ ಎಂದು ಹೇಳಲಿಕ್ಕೆ. ಯಾವ ಪುಸ್ತಕ ಕೈಗೆ ತೆಗೆದುಕೊಂಡರೂ "ಓದೀನಿ", ಇಟ್ಟರೂ "ಓದೀನಿ". ಬಂದ ಒಬ್ಬಿಬ್ಬರಿಗೂ ಇವರೇ ಸಲಹೆ ಕೊಟ್ಟು ನನ್ನನ್ನು ಸುಮ್ಮನೆ ಕೂರಿಸುತ್ತಿದ್ದರು. ನನಗೆ ರೇಗಿತು.

ಒಂದು ದಿನ ಕೇಳಿದೆ: "ಮಾಸ್ತರ, 'ಕಾಗಿಣಿ ದಂಡಿಯ ಏಳು ಹುಣಸಿಮರ' ಓದೀರೇನ್ರಿ?"

ಊರ ಹತ್ತಿರದ ಕಾಗಿಣಿ ಹೊಳೆಯ ಹೆಸರು ಸೇರಿಸಿ ಆ ಕ್ಷಣ ನಾನೇ ಅದನ್ನು ಹುಟ್ಟಿಸಿದ್ದೆ. ಅಂಥ ಪುಸ್ತಕ ಭೂಮಿಯ ಮೇಲೆ ಇರಲಿಲ್ಲ.

ಮಾಸ್ತರು ಕಣ್ಣು ಮುಚ್ಚಿ ತಲೆದೂಗಿದರು. "ಆಹಾ! ಎರಡು ಸಲ. ಮೊದಲಿನ ಮೂರು ಮರ ಜರಾ ನೀರಸ. ನಾಕನೇ ಮರದಿಂದ ಹಿಡಕೋತದ ನೋಡು!"

ಅಲ್ಲಿಗೆ ನಾನು ಗೆದ್ದೆ ಎಂದುಕೊಂಡೆ. ಆದರೆ ಪುಣ್ಯಾತ್ಮರು ತಮ್ಮ ಶಾಲೆಯಲ್ಲಿ ನಿಂತು, ಜೀವನದಲ್ಲಿ ಒಂದೇ ಪುಸ್ತಕ ಓದುವುದಿದ್ದರೆ ಇದನ್ನೇ ಓದಿರಿ ಎಂದು ಭಾಷಣ ಮಾಡಿದರು. ಮರುವಾರ ಚಿತ್ತಾಪುರದ ಬಸ್ಸಿನಿಂದ ಹುಡುಗರ ದಂಡು ಇಳಿಯಿತು. "ಹುಣಸಿಮರ ಕೊಡ್ರಿ, ಹುಣಸಿಮರ!" ನನ್ನ ವಾಚನಾಲಯಕ್ಕೆ ಅಷ್ಟು ಮಂದಿ ಬಂದದ್ದು ಅದೇ ಮೊದಲು, ಬಂದದ್ದು ಇಲ್ಲದ ಪುಸ್ತಕಕ್ಕೆ. ಬೇರೆ ಕೊಟ್ಟರೆ ಮುಟ್ಟಲಿಲ್ಲ.

ಹುಡುಗರು ಹೋಗಿ, ಆ ಪುಸ್ತಕ ಅಲ್ಲಿಲ್ಲ ಎಂದು ಮಾಸ್ತರಿಗೆ ದೂರು ಹೇಳಿದರಂತೆ. ಆಗಲಾದರೂ ಸಿಕ್ಕಿಬಿದ್ದರೇ? ಎಲ್ಲಿಯ ಮಾತು!

"ಅವನ ಹಂತ್ಯಾಕ ಎಲ್ಲಿಂದ ಇರ್ತದ?" ಅಂದರಂತೆ. "ಇರೋದು ಒಂದೇ ಪ್ರತಿ. ಅದು ನಮ್ಮ ಮನ್ಯಾಗ ಅದ, ಯಾರಿಗೂ ಕೊಡಂಗಿಲ್ಲ."

ಅತ್ತೆಗೆ ವೈರಾಗ್ಯ

ವಾಡಿ ಜಂಕ್ಷನ್ನಿನ ಒಬ್ಬ ರೈಲ್ವೆ ಬಾಬು ಬಂದು ನನ್ನ ಕಿವಿಯಲ್ಲಿ ಹೇಳಿದ: "ತಮ್ಮಾ, ಸೇಡಂದಿಂದ ನಮ್ಮ ಅತ್ತಿ ಬಂದು ಕುಂತಾಳ. ದಿನಕ್ಕ ಎಷ್ಟು ಗಾಡಿ ಬರ್ತಾವ, ಹೋಗ್ತಾವ. ಈಕಿ ಒಂದರಾಗೂ ಏರವಲ್ಲಳು. ತಾನಾಗಿ ಎದ್ದು ಹೋಗೋಹಂಗ ಒಂದು ಪುಸ್ತಕ ಹೇಳು."

ಇಂಥ ರೋಗಕ್ಕೆ ನನ್ನ ಬಳಿ ಔಷಧ ಇಲ್ಲದಿದ್ದರೆ ಮತ್ತೆ ಯಾರ ಬಳಿ ಇದ್ದೀತು? ವೈರಾಗ್ಯದ ಒಂದು ಪುಸ್ತಕ ಕೊಟ್ಟೆ. ಮಗಳು ಯಾರು, ಅಳಿಯ ಯಾರು, ಎಲ್ಲ ಮಾಯೆ ಎಂದು ಪುಟಪುಟಕ್ಕೂ ಬರೆದಿತ್ತು. "ದಿನಾ ಸಂಜಿಗೆ ಗಟ್ಟ್ಯಾಗಿ ಓದ್ರಿ. ತಿಂಗಳದಾಗ ಗಂಟು ಕಟ್ತಾರ" ಎಂದೆ.

ತಿಂಗಳಾಗುತ್ತಲೇ ಬಾಬು ಬಂದ. ಮುಖ ಬಾಡಿತ್ತು.

"ಯಾಕ್ರಿ, ಅತ್ತಿಯವರು ಕೇಳಲಿಲ್ಲೇನು?"

"ಕೇಳಿದಳಪಾ, ಕಣ್ಣೀರು ಹಾಕ್ಕೋತ ಕೇಳಿದಳು. ನಿನ್ನಿ ಎದ್ದು ನನ್ನ ಕೈ ಹಿಡದು, 'ಅಳಿಯಂದ್ರ, ಕಣ್ಣು ತೆರಸಿದ್ರಿ. ನನ್ನ ಮನಿ, ನನ್ನ ಮನಿ ಅನ್ನೋ ಮೋಹ ಇವತ್ತಿಗೆ ಬಿಟ್ಟೆ. ಸೇಡಂ ಮನಿ ಸಣ್ಣ ಮಗನ ಹೆಸರಿಗೆ ಮಾಡೀನಿ. ಇನ್ನ ಸಾಯೋತನಕ ನಿಮ್ಮ ಮನಿ ಮೂಲ್ಯಾಗ ಬಿದ್ದಿರ್ತೀನಿ' ಅಂದಳು."

ನಾನು ಸಮಾಧಾನ ಹೇಳಲು ಬಾಯಿ ತೆರೆದೆ. ಅವನು ತಡೆದ.

"ಅದೆಲ್ಲ ಇರ್ಲಿ. ಇನ್ನೊಂದು ಪುಸ್ತಕ ಕೊಡು, ಈ ಸಲ ನನಗ. ಗಂಡಸು ಮನಿ ಬಿಟ್ಟು ಹೋಗೋದು ಹ್ಯಾಂಗಂತ ಬರದದ್ದು."

ಗುರುತು ಇಲ್ಲದ ನಗು

ಇದು ಸಣ್ಣದು. ಚಿಂಚೋಳಿಯ ಕಚೇರಿಯ ಒಬ್ಬ ಗುಮಾಸ್ತರು ನಗೆಪುಸ್ತಕ ಕೇಳಿದರು. ಕೊಟ್ಟೆ. ತಿರುವಿ ನೋಡಿ, "ಇದರಾಗ ಎಲ್ಲೆಲ್ಲಿ ನಗಬೇಕು ಅಂತ ಪೆನ್ಸಿಲ್‌ಲೆ ಗುರುತು ಮಾಡಿ ಕೊಡ್ರಿ" ಎಂದರು. ಮೇಲಿನವರು ಗುರುತು ಮಾಡಿದ ಕಡೆ ಸಹಿ ಹಾಕಿ ಹಾಕಿ ಅವರಿಗೆ ಹಾಗೇ ರೂಢಿಯಾಗಿತ್ತು. ಕೂತು ಗುರುತು ಮಾಡಿ ಕೊಟ್ಟೆ.

ತಿರುಗಿ ತಂದಾಗ ವರದಿ ಒಪ್ಪಿಸಿದರು: "ನೀವು ತೋರಿಸಿದ ಕಡಿ ಎಲ್ಲಾ ನಕ್ಕೀನಿ. ಒಂದು ಕಡಿ ಮಾತ್ರ ಗುರುತು ಇದ್ದಿದ್ದಿಲ್ಲ, ಆದ್ರೂ ನಗು ಬಂತು. ತಡಕೊಂಡೆ."

ದಬ್ಬಣದಿಂದ ಹೊಲಿದ ಪುಸ್ತಕ

ಇಂಥ ಮಂದಿಯನ್ನು ನಂಬಿ ಕೂತರೆ ಖೋಲಿ ಉಳಿಯುವುದೇ? ಯುಗಾದಿ ಹತ್ತಿರ ಬಂತು. ನಾನು ಅಧ್ಯಕ್ಷರಿಗೇ ಗುರಿ ಇಟ್ಟೆ.

ಅಧ್ಯಕ್ಷರದು ನಿಜಾಮರ ಕಾಲದ ಉರ್ದು ಶಾಲೆಯ ಓದು. ಮಾತು ಅಚ್ಚ ಕನ್ನಡವಾದರೂ ಕನ್ನಡ ಅಕ್ಷರ ಕಲಿತದ್ದು ತಲೆ ನರೆತ ಮೇಲೆ. ಓದಲು ಬರುತ್ತಿತ್ತು, ಆದರೆ ಪುಸ್ತಕ ಹಿಡಿದರೆ ಕೈ ತಾನಾಗಿ ಹಿಂದಿನ ರಟ್ಟಿಗೆ ಹೋಗುತ್ತಿತ್ತು. ಉರ್ದು ಪುಸ್ತಕ ಶುರುವಾಗುವುದು ಆ ಕಡೆಯಿಂದ. ಹೀಗಾಗಿ ಕನ್ನಡದ ಯಾವ ಕಾದಂಬರಿಯಲ್ಲೂ ಅವರು ಮೊದಲು ಓದುತ್ತಿದ್ದದ್ದು ಕೊನೆಯ ಪುಟ. "ಲಗ್ನ ಆತು, ಎಲ್ಲಾರೂ ಸುಖದಿಂದ ಇದ್ರು. ಮತ್ತ ಇದರಾಗ ಓದೋದು ಏನದ?" ಎಂದು ಮುಚ್ಚಿಡುತ್ತಿದ್ದರು. ಅವರಿಗೆ ಪುಸ್ತಕ ಯಾಕೆ ರುಚಿಸುವುದಿಲ್ಲ ಎಂದು ಇಡೀ ಶಹಾಬಾದದಲ್ಲಿ ಕಂಡುಹಿಡಿದವ ನಾನೊಬ್ಬನೇ.

ಒಂದು ಜಬರದಸ್ತ್ ಪತ್ತೇದಾರಿ ಕಾದಂಬರಿ ತೆಗೆದೆ. ಒಬ್ಬ ಶ್ರೀಮಂತನ ಕೊಲೆ, ಆರು ಮಂದಿಯ ಮೇಲೆ ಗುಮಾನಿ. ದಬ್ಬಣ, ಗೋಣಿ ದಾರ ತಂದು ಕೊನೆಯ ಅಧ್ಯಾಯವನ್ನು ಜೋಳದ ಚೀಲದ ಬಾಯಿ ಹೊಲಿದ ಹಾಗೆ ಹೊಲಿದುಬಿಟ್ಟೆ. ಸುದ್ದಿ ಹಬ್ಬಿತು. ಹೊಲಿದ ಪುಸ್ತಕದೊಳಗೆ ಏನಿದೆ ಎಂದು ಫರಸಿ ಪಾಲಿಶ್ ಕೆಲಸದವರು, ಕಟಿಂಗ್ ಅಂಗಡಿಯವರು, ಚಹಾದವರು, ಎಲ್ಲ ಬಂದು ಸಾಲು ನಿಂತರು. "ಮೊದಲು ಅಧ್ಯಕ್ಷರು, ಆಮ್ಯಾಲ ನೀವು" ಎಂದೆ.

ಯುಗಾದಿಯ ಮುನ್ನಾದಿನ ಅಧ್ಯಕ್ಷರು ಬಂದರು. ಹಿಂದೆ ಹೆಂಡತಿಯ ತಮ್ಮ, ತಲೆಯ ಮೇಲೆ ಕೇರಂ ಬೋರ್ಡು. ಸಾಲು ನೋಡಿ ಅಧ್ಯಕ್ಷರು, "ಇವರೆಲ್ಲ ರೇಶನ್ನಿಗೆ ಬಂದಾರೇನು?" ಎಂದರು. ನಾನು ಪುಸ್ತಕ ಕೈಗಿತ್ತೆ. ಕೈ ನೇರ ಹಿಂದಿನ ರಟ್ಟಿಗೆ ಹೋಯಿತು. ಪುಟ ತೆರೆಯಲಿಲ್ಲ.

"ಇದೇನಪಾ, ಹೊಲದಿಟ್ಟಿ?"

"ಮುಂದಿನಿಂದ ಬರ್ರಿ ಸಾಹೇಬ್ರ. ಈ ಕಡಿ ರಸ್ತಾ ಬಂದ್ ಅದ."

ಗೊಣಗುತ್ತ ಮೊದಲ ಪುಟ ತೆರೆದರು. ಆಮೇಲೆ ಗೊಣಗಲಿಲ್ಲ. ತುಟಿ ಅಲುಗಿಸುತ್ತ ಓದಿದರು. ಚಹಾ ಬಂತು, ಆರಿತು, ಕೆನೆಗಟ್ಟಿತು. ಸಾಲಿನವರು ಕೂತರು. ಹೆಂಡತಿಯ ತಮ್ಮ ತನ್ನ ಬೋರ್ಡಿನ ಮೇಲೆಯೇ ಕೂತು ತೂಕಡಿಸಿದ. ಹೊತ್ತು ಇಳಿಯುವಾಗ ಅಧ್ಯಕ್ಷರ ಬೆರಳು ಗೋಣಿ ದಾರಕ್ಕೆ ತಾಗಿತು.

"ಕತ್ತರಿ ಕೊಡು. ಜಲ್ದಿ!"

"ಕೊಡ್ತೀನ್ರಿ. ಮೊದಲು ಖೋಲಿ ಯಾರದಂತ ಹೇಳ್ರಿ. ಕ್ಲಬ್ಬಿಂದಾದ್ರ ಕತ್ತರಿನೂ ಅವರನ್ನೇ ಕೇಳ್ರಿ."

ಅಧ್ಯಕ್ಷರು ಹೆಂಡತಿಯ ತಮ್ಮನನ್ನು ಅಲುಗಿಸಿ ಎಬ್ಬಿಸಿದರು. "ಲೇ, ನಿನ್ನ ಹಂತ್ಯಾಕ ಕತ್ತರಿ ಅದ ಏನು?"

"ಇಲ್ಲ ಮಾವಾ. ಸ್ಟ್ರೈಕರ್ ಅದ."

"ಹಂಗಾರ ನಡಿ ಮನಿಗೆ!"

ಕತ್ತರಿ ಕೊಟ್ಟೆ. ದಾರ ಕತ್ತರಿಸಿ, ಉಸಿರು ಬಿಗಿಹಿಡಿದು, ಕೊನೆಯ ಅಕ್ಷರದವರೆಗೆ ಓದಿ ಎದ್ದರು. ಕಣ್ಣು ಹೊಳೆಯುತ್ತಿದ್ದವು. ಮೆಟ್ಟಿಲ ಮೇಲೆ ನಿಂತು ಸಾಲಿನವರಿಗೆಲ್ಲ ಕೈ ಮುಗಿದರು.

"ಈ ವಾಚನಾಲಯ ಮುಚ್ಚಂಗಿಲ್ಲ! ಈ ಹುಡುಗನ ನೌಕರಿ ಕಾಯಂ! ನೀವೆಲ್ಲಾರೂ ಈ ಪುಸ್ತಕ ಓದಲೇಬೇಕು. ಆದ್ರ ಒಂದು ಮಾತು, ಹಿಂದಿನಿಂದ ಓದಬ್ಯಾಡ್ರಿ, ಮಜಾ ಹೋಗ್ತದ. ನನಗಂತೂ ಆ ಮುದಿ ಡಾಕ್ಟರನೇ ಕೊಂದಾನಂತ ಕೊನೀತನಕ ತಿಳೀಲೇ ಇಲ್ಲ ನೋಡ್ರಿ!"

ಬೆಳಿಗ್ಗೆಯಿಂದ ಸಾಲಿನಲ್ಲಿ ಮೊದಲು ನಿಂತಿದ್ದ ಪಾಲಿಶ್ ಕೆಲಸದವನು ಅಧ್ಯಕ್ಷರು ಕೈಗಿತ್ತ ಪುಸ್ತಕವನ್ನು ಮೆಲ್ಲಗೆ ನನ್ನ ಮೇಜಿನ ಮೇಲಿಟ್ಟ.

"ತಮ್ಮಾ, ಬ್ಯಾರೆ ಒಂದು ಹೊಲದು ಕೊಡು. ದಾರ ಉಳದಿದ್ರ ಅಧ್ಯಕ್ಷರ ಬಾಯಿಗೂ ಎರಡು ಹೊಲಿಗಿ ಹಾಕು."