ಹೊಗೆಗೂಡಿನಿಂದ ಬಂದ ಹಾರ್ಡ್ ಡಿಸ್ಕ್

ಇದು ಕಳೆದ ವರ್ಷ ಆಟಿ ತಿಂಗಳ ಜಡಿಮಳೆಯಲ್ಲಿ ನಡೆದದ್ದು. ಬಿ.ಎಸ್ಸಿ. ಮುಗಿಸಿ ನಾನು ಕಡಬದ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿದ್ದೇನೆ. ಮಳೆಗಾಲದಲ್ಲಿ ಹಾರ್ಡ್ ಡಿಸ್ಕ್ ಕೆಡುವುದು ಹೊಸದಲ್ಲ. ಅದಕ್ಕೆ ಮನೆಮದ್ದು ಮಾಡಿ ತರುವುದೂ ಹೊಸದಲ್ಲ.

೧

ಆಲಂಕಾರು ಕಡೆಯ ಸ್ಟುಡಿಯೋದವರು ಒಂದು ಡಿಸ್ಕ್ ತಂದರು. ಮೇ ತಿಂಗಳಲ್ಲಿ ತೆಗೆದ ಮದುವೆಯ ಫೋಟೋ ಪೂರಾ ಅದರಲ್ಲಿತ್ತು. ಆಲ್ಬಂ ಇನ್ನೂ ಆಗಿರಲಿಲ್ಲ. ವೈರು ಸಿಕ್ಕಿಸಿದರೆ ಒಳಗಿಂದ ಟಕ್ ಟಕ್ ಶಬ್ದ. ಮೂಗಿನ ಹತ್ತಿರ ಹಿಡಿದೆ. ಹೊಗೆ ವಾಸನೆ.

"ಸುಟ್ಟಿದೆಯಾ?"

"ಇಲ್ಲ ಮಾರಾಯ್ರೆ. ತಂಡಿ ಹಿಡಿದದ್ದು ಅಂತ ಒಣಗಿಸಿದೆ."

"ಎಲ್ಲಿ?"

"ಹೊಗೆಗೂಡಿನಲ್ಲಿ. ರಬ್ಬರ್ ಶೀಟ್ ಒಣಗಲಿಕ್ಕೆ ಹಾಕಿದ್ದೆ, ಅದರ ಒಟ್ಟಿಗೆ."

ನಾನು ಡಿಸ್ಕನ್ನು ಮಗುಚಿ ನೋಡಿದೆ. ಅವರೇ ಸಮಾಧಾನ ಹೇಳಿದರು: "ಹೆದರಬೇಡಿ, ಶೀಟಿನಷ್ಟು ಹೊತ್ತು ಇಡ್ಲಿಲ್ಲ."

೨

"ಬೇರೆ ಕಾಪಿ ಉಂಟಾ?" ಕೇಳಿದೆ.

"ಒಂದಲ್ಲ, ಮೂರು ಉಂಟು."

ಜೀವ ಬಂತು. "ಎಲ್ಲಿ?"

ಅವರು ನನ್ನ ಕೈಯಲ್ಲಿದ್ದ ಡಿಸ್ಕನ್ನೇ ತೋರಿಸಿದರು. "ಅದರಲ್ಲೇ. ಮೂರು ಫೋಲ್ಡರ್. ಬೇರೆ ಕಡೆ ಇಟ್ಟರೆ ಕಳೆದು ಹೋಗ್ತದೆ."

೩

ಮರುದಿನ ಮದುಮಗಳ ತಾಯಿಯೇ ಸುಳ್ಯದಿಂದ ಬಂದರು. ಸ್ಟುಡಿಯೋದವರು ಮೂಲೆಯ ಸ್ಟೂಲಿನಲ್ಲಿ ಚಿಕ್ಕದಾಗಿ ಕೂತರು.

"ಧಾರೆಯದ್ದು ಸಿಗ್ತದಾ?"

"ನೋಡ್ಬೇಕು ಅಮ್ಮ. ನೆಂಟರ ಮೊಬೈಲ್‌ನಲ್ಲಿ ಇಲ್ವಾ?"

"ಎಲ್ಲಿಂದ? ಇವರಿಗೆ ಅಡ್ಡ ಆಗ್ತದೆ ಅಂತ ಮೊಬೈಲ್ ಹಿಡಿದವರನ್ನೆಲ್ಲ ನಾನೇ ಹಿಂದೆ ಕಳಿಸಿದ್ದು." ಮೂಲೆಯ ಕಡೆ ತಿರುಗಿದರು. "ಇನ್ನೊಮ್ಮೆ ಧಾರೆ ಎರೆಯುವ ಅಂದ್ರೆ ಅಳಿಯ ಕೆಲಸಕ್ಕೆ ಅಂತ ಹಡಗು ಹತ್ತಿ ಆಯ್ತು."

ಮೊದಲ ಫೋಲ್ಡರ್‌ನಲ್ಲಿ ಧಾರೆಯ ಒಂದು ಫೋಟೋವೂ ತೆರೆಯಲಿಲ್ಲ. ಎರಡನೆಯದೂ ಅಷ್ಟೇ. ಮೂರನೆಯದು ತೆರೆಯಿತು. ಕಾಪಿಗೆ ಹಾಕಿದೆ. ನಲ್ವತ್ತು ನಿಮಿಷ ಎಂದು ತೋರಿಸಿತು.

"ಅಜ್ಜನಿಗೆ ಚಕ್ಕುಲಿ ಹರಕೆ ಹೇಳಿದ್ದೇನೆ," ಎಂದರು ಸ್ಟುಡಿಯೋದವರು. ಕಳೆದದ್ದು ಸಿಗಲಿ ಎಂದು ನಮ್ಮ ಕಡೆ ಅಜ್ಜ ಎಂಬ ದೈವಕ್ಕೆ ಹೇಳುವ ಹರಕೆ ಅದು.

"ನಾನೂ ಹೇಳಿದ್ದೇನೆ," ಎಂದರು ತಾಯಿ. ಇಬ್ಬರೂ ನನ್ನನ್ನು ನೋಡಿದರು.

"ನಾನು ಯುಪಿಎಸ್ ಹಾಕಿದ್ದೇನೆ," ಎಂದೆ.

ಆಗಲೇ ಕರೆಂಟ್ ಹೋಯಿತು. ಯುಪಿಎಸ್ ಕೂಗತೊಡಗಿತು.

"ಅದು ಎಷ್ಟು ಹೊತ್ತು ಬರ್ತದೆ?"

"ಇಪ್ಪತ್ತು ನಿಮಿಷ."

ಇಬ್ಬರೂ ಎದ್ದು ಬಂದು ಪರದೆಗೆ ಬಗ್ಗಿದರು. ಡಿಸ್ಕ್ ಟಕ್ ಟಕ್ ಎನ್ನುತ್ತಲೇ ಇತ್ತು. ಯುಪಿಎಸ್ ಕೂಗು ಜೋರಾದಾಗ ನಾನೂ ಮನಸ್ಸಿನಲ್ಲೇ ಒಂದು ಪ್ಯಾಕೆಟ್ ಚಕ್ಕುಲಿ ಹೇಳಿದೆ.

೪

ಯುಪಿಎಸ್ ಆರುವ ಮೊದಲೇ ಕರೆಂಟ್ ಬಂತು. ಧಾರೆ ಪೂರಾ ಸಿಕ್ಕಿತು. ಆಮೇಲೆ ಡಿಸ್ಕ್ ಮತ್ತೆ ತಿರುಗಲೇ ಇಲ್ಲ. ತಾಯಿ ಪರದೆಯ ಮೇಲೆ ಮಗಳನ್ನು ನೋಡಿ ಕಣ್ಣೊರೆಸಿಕೊಂಡರು. ನಂತರ ಸ್ಟುಡಿಯೋದವರಿಗೆ, "ಇವನ ಮುಖ ಸ್ವಲ್ಪ ಬಿಳಿ ಮಾಡ್ಲಿಕ್ಕೆ ಆಗ್ತದಾ?" ಎಂದು ಅಳಿಯನನ್ನು ತೋರಿಸಿದರು.

ಫೋಟೋಗಳನ್ನು ಹೊಸ ಡಿಸ್ಕಿಗೆ ಹಾಕಿ ಸ್ಟುಡಿಯೋದವರ ಕೈಗೆ ಕೊಟ್ಟೆ. "ಇನ್ನಾದರೂ ಒಂದು ಕಾಪಿ ಬೇರೆ ಡಿಸ್ಕಿನಲ್ಲಿ ಇಡಿ. ಮೂರು ಫೋಲ್ಡರ್ ಮಾಡಿ ಪ್ರಯೋಜನ ಇಲ್ಲ."

"ಮೂರನೆಯದು ಇದ್ದದ್ದಕ್ಕೇ ಅಲ್ವಾ ಈಗ ಸಿಕ್ಕಿದ್ದು?"

ನಾನು ಬಿಲ್ ಬರೆಯಲು ಕೂತೆ.

ಆಲ್ಬಂ ಆದ ಮೇಲೆ ಸ್ಟುಡಿಯೋದವರು ಹರಕೆ ತೀರಿಸಿ ಉಳಿದ ಚಕ್ಕುಲಿ ಹಿಡಿದುಕೊಂಡು ಅಂಗಡಿಗೆ ಬಂದರು. ಹೊಸ ಡಿಸ್ಕನ್ನೂ ತಂದಿದ್ದರು. "ನೀವು ಹೇಳಿದ ಮೇಲೆ ಜಾಗ್ರತೆ ಮಾಡಿದ್ದೇನೆ, ನೋಡಿ."

ಸಿಕ್ಕಿಸಿ ನೋಡಿದೆ. ಕಾಪಿ ಆರು. ಡಿಸ್ಕ್ ಒಂದು.