ಒಂದು ಸೇರು ಬಿಳಿಜೋಳದ ಪರಿವರ್ತನೆ

ರಾಯಚೂರು ನಗರದಲ್ಲಿ ಒಂದು ಸೇರೆಂದರೆ ಎಷ್ಟು ಗ್ರಾಂ ಎಂದು ಅಧಿಕೃತವಾಗಿ ಹೇಳುವ ಹಕ್ಕು ಒಬ್ಬನಿಗೇ ಇತ್ತು. ಆತ ಸಾಂಪ್ರದಾಯಿಕ ತೂಕ ಪರಿವರ್ತನಾ ಘಟಕದ ದ್ವಿತೀಯ ದರ್ಜೆ ಸಹಾಯಕ ಕಿರಣಕುಮಾರ. ಹದಿಮೂರರ ಆಚೆ ಅವನಿಗೆ ಮಗ್ಗಿ ಎಂದೂ ಬಂದಿರಲಿಲ್ಲ. ಅದನ್ನು ಅವನು ಮುಚ್ಚಿಟ್ಟಿರಲಿಲ್ಲ, ಯಾರೂ ಕೇಳಿರಲಿಲ್ಲ ಅಷ್ಟೆ.

ದೇವದುರ್ಗ ಮತ್ತು ಮಾನ್ವಿಯ ಹಳೆಯ ಬೀಜದ ಮನೆಗಳಲ್ಲಿ ರೈತರು ಜತನಕ್ಕೆಂದು ಕೊಟ್ಟ ನಾಟಿ ಬೀಜಗಳಿದ್ದವು. ವಹಿಗಳೆಲ್ಲ ಸೇರು, ಮಣದ ಲೆಕ್ಕದವು. ಅವನ್ನು ಕಿಲೋಗೆ ತಿರುಗಿಸಿ ಗಣಕಯಂತ್ರಕ್ಕೆ ಏರಿಸುವವರೆಗೆ ಒಂದು ಕಾಳನ್ನೂ ಹಿಂತಿರುಗಿಸಬಾರದು ಎಂದು ಸುತ್ತೋಲೆ ಬಂದು, ವಹಿ, ಚೀಲ ಎರಡೂ ಘಟಕದಲ್ಲಿ ಇಳಿದವು. ಕಿರಣಕುಮಾರ ಮೂರು ವಾರ ಬೆವರು ಸುರಿಸಿ ಪಟ್ಟಿ ತಯಾರಿಸಿದ. ಐದು ತೊಲಕ್ಕೆ ಒಂದು ಚಟಾಕು, ಹದಿನಾರು ಚಟಾಕಿಗೆ ಒಂದು ಸೇರು, ನಲವತ್ತು ಸೇರಿಗೆ ಒಂದು ಮಣ. ಸೇರೊಂದಕ್ಕೆ ಒಂಬೈನೂರ ಮೂವತ್ತಮೂರು ಗ್ರಾಂ, ನೂರಿಪ್ಪತ್ತು ಮಿಲಿಗ್ರಾಂ. ಆ ಮಿಲಿಗ್ರಾಂ ಬಗ್ಗೆ ಅವನಿಗೆ ಬಹಳ ಹೆಮ್ಮೆ.

ತೊಡಕು ಒಂದೇ. ಈ ಸೀಮೆಯಲ್ಲಿ ಕಾಳು ತೂಗುವವರು ಮೊದಲ ಸೇರಿಗೆ 'ಒಂದು' ಎನ್ನುವುದಿಲ್ಲ. ಶುಭವಾಗಲೆಂದು 'ಲಾಭ' ಎನ್ನುತ್ತಾರೆ. ಆಮೇಲೆ ಎರಡು, ಮೂರು. ಬೀಜದ ಮನೆಯವರು ಕಿವಿಗೆ ಬಿದ್ದಂತೆ ಬರೆದಿದ್ದರು: ಹತ್ತು ಸೇರು ಕೊಟ್ಟವರ ಹೆಸರಿನ ಮುಂದೆ ಹತ್ತು, ಒಂದೇ ಸೇರು ಕೊಟ್ಟವರ ಮುಂದೆ ಲಾಭ. ಗಣಕಯಂತ್ರದ ಅಂಕಣವೋ ಅಂಕಿಯನ್ನೇ ಕೇಳುತ್ತಿತ್ತು. ಕಿರಣಕುಮಾರ ಮನೆಯಲ್ಲಿ ಅಕ್ಕಿ ಅಳೆಯುವಾಗ ತಾನೂ ಲಾಭ ಎಂದೇ ಎಣಿಸುವವನು. ಕಚೇರಿಯಲ್ಲಿ ಮಾತ್ರ ಅದು ಗೊತ್ತೇ ಇಲ್ಲದವನಂತೆ ಕಡತವನ್ನು ಅಧೀಕ್ಷಕ ಮಹಾಂತಯ್ಯನವರ ಮುಂದಿಟ್ಟ. ಅವರು ಕನ್ನಡಕ ಏರಿಸಿಕೊಂಡು ಬರೆದರು: "ಅಕ್ಷರಗಳಿಗೆ ತೂಕವಿರುವುದಿಲ್ಲ. ಸೊನ್ನೆ ಎಂದು ನಮೂದಿಸತಕ್ಕದ್ದು."

ಹಿಂಗಾರಿ ಬಿತ್ತನೆಗೆ ಎಂಟು ದಿನ ಉಳಿದಿದ್ದಾಗ ಗಬ್ಬೂರಿನ ಮಾನಮ್ಮ ಬಸ್ಸಿಳಿದು ಬಂದಳು.

"ಯಪ್ಪಾ, ನಮ್ಮ ಬಿಳಿಜೋಳ ಕೊಡ್ರಿ. ನಮ್ಮತ್ತಿ ಕಾಲದ ಬೀಜ ಅದು. ಊರಾಗ ಯಾರ ಮನ್ಯಾಗೂ ಉಳಿದಿಲ್ಲ. ಈ ಸಲ ಬಿತ್ತಲಿಲ್ಲಂದ್ರ ಹುಳ ಹತ್ತಿ ಹೋಗ್ತದ."

ಕಿರಣಕುಮಾರ ಕುರ್ಚಿ ಕೊಟ್ಟು ಕೂಡಿಸಿ, ಗಣಕಯಂತ್ರದಲ್ಲಿ ಹುಡುಕಿ ನೋಡಿದ. "ಯವ್ವಾ, ನಿಮ್ದು ಸೊನ್ನಿ ಕಿಲೋ ಅದರೀ."

"ಅಲ್ಲೇ ಅದಲ್ರೀ ಚೀಲ! ನಾನೇ ಹೊಲಿದ ಕೆಂಪು ದಾರ ಕಾಣಾಕತ್ತದ."

"ಚೀಲ ಅದ. ತೂಕ ಇಲ್ಲ."

"ಹಂಗಾರ ತೂಗ್ರಿ."

"ನಮ್ಗ ತಕ್ಕಡಿ ಮಂಜೂರಾಗಿಲ್ರೀ. ನಾವು ಬರೇ ಪರಿವರ್ತನಿ ಮಾಡ್ತೀವಿ."

ಮಾನಮ್ಮ ಕುರ್ಚಿಯಿಂದ ಎದ್ದಳು. "ಆತು ಬಿಡ್ರಿ. ಸೊನ್ನಿ ಇದ್ರ ಸೊನ್ನೀನೇ ಕೊಡ್ರಿ. ಚೀಲದ ಸಮೇತ ಒಯ್ತೀನಿ."

ಒಳಗಿನಿಂದ ಮಹಾಂತಯ್ಯನವರು, ಸೊನ್ನೆ ಕಿಲೋ ವಿತರಿಸಲು ರಸೀದಿಯ ನಮೂನೆ ಇಲ್ಲವೆಂದು ತಿಳಿಸಿದರು.

ಕಿರಣಕುಮಾರನಿಗೆ ಕರುಳು ಚುರುಕ್ ಎಂದಿತು. ಕರುಳು ಚುರುಕ್ ಎಂದಾಗ ಅವನು ಪತ್ರ ಬರೆಯುತ್ತಿದ್ದ. ಲಾಭ ಎಂದರೆ ಎಷ್ಟು ಎಂದು ಎರಡೂ ತಾಲೂಕುಗಳ ಅಭಿಪ್ರಾಯ ಕೇಳಿದ. ದೇವದುರ್ಗದಿಂದ, ಲಾಭವೆಂದರೆ ಒಂದು ಸೇರು ಎಂದು ಉತ್ತರ ಬಂತು. ಮಾನ್ವಿಯಿಂದ, ಲಾಭವೆಂದರೆ ಒಂದು ಸೇರು ಮತ್ತು ಮೇಲೆ ಹಾಕುವ ಒಂದು ಹಿಡಿ ಕೊಸರು ಎಂದು ಬಂತು. ಕೊಸರು ಎಂದರೆ ಎಷ್ಟು ಗ್ರಾಂ, ಹಿಡಿ ಯಾರದ್ದು ಎಂದು ನಿರ್ಧರಿಸಲು ಸಮಿತಿ ರಚನೆಯಾಯಿತು. ಅಷ್ಟರಲ್ಲಿ ಆರು ದಿನ ಕಳೆದವು. ಮಾನಮ್ಮ ದಿನಾಲೂ ಬಂದು ಕೆಂಪು ದಾರ ನೋಡಿಕೊಂಡು ಹೋಗುತ್ತಿದ್ದಳು.

ಏಳನೆಯ ದಿನ ಬುತ್ತಿ ಬಿಚ್ಚುವಾಗ ಕಿರಣಕುಮಾರನಿಗೆ ದಾರಿ ಹೊಳೆಯಿತು. ಲಾಭಕ್ಕೆ ಇನ್ನೊಂದು ಸೇರು ಕೂಡಿಸಿದರೆ ಎಣಿಕೆ ಎರಡಕ್ಕೆ ಬರುತ್ತದೆ. ಎರಡು ಎಂಬುದು ಅಂಕಿ. ಮಹಾಂತಯ್ಯನವರು ಬೆನ್ನು ತಟ್ಟಿದರು. ಮಾನಮ್ಮ ಎದುರಿನ ಕಿರಾಣಿ ಅಂಗಡಿಯಿಂದ ಒಂದು ಸೇರು ಜೋಳ ತಂದಳು. ಕಿರಣಕುಮಾರ ಕತ್ತರಿಯಿಂದ ಕೆಂಪು ದಾರ ಕತ್ತರಿಸಿದ.

ಮಾನಮ್ಮ ಅವನ ಕೈ ಹಿಡಿದಳು. "ಬೆರಸಬ್ಯಾಡ್ರೀ, ನನ್ನಪ್ಪಾ! ಬ್ಯಾರೆ ಚೀಲದಾಗ ಇಡ್ರಿ."

"ಬ್ಯಾರೆ ಇಟ್ರ ಎರಡು ಸಲ ಲಾಭ ಆಗ್ತದ, ಯವ್ವಾ. ಎರಡು ಸೊನ್ನಿ."

ಅದು ಸರಿಯಾದ ಲೆಕ್ಕವೇ ಆಗಿತ್ತು. ಮಾನಮ್ಮ ಕೈ ಬಿಟ್ಟಳು. ಕಿರಣಕುಮಾರ ಸುರಿದು, "ಎರಡು" ಎಂದು ಗಟ್ಟಿಯಾಗಿ ಕೂಗಿದ. ಒಂದು ಕಿಲೋ ಎಂಟುನೂರ ಅರವತ್ತಾರು ಗ್ರಾಂ, ಇನ್ನೂರ ನಲವತ್ತು ಮಿಲಿಗ್ರಾಂ ಎಂದು ರಸೀದಿ ಬಂತು. ಮಾನಮ್ಮ ಮೆಟ್ಟಿಲ ಮೇಲೆ ಕುಳಿತು ಒಂದು ಚಿಟಿಕೆ ಕಾಳನ್ನು ಅಂಗೈಯಲ್ಲಿ ಹರವಿದಳು. ಎಲ್ಲವೂ ಬಿಳಿ.

"ಇದರಾಗ ನಮ್ಮತ್ತೀದು ಯಾವುದ್ರೀ?"

ಬಾಗಿಲಲ್ಲಿ ನಿಂತಿದ್ದ ಕಿರಣಕುಮಾರನಿಗೆ ನಾಚಿಕೆಯಾಯಿತು, ತುಂಬಾ ನಾಚಿಕೆಯಾಯಿತು. ಪಟ್ಟಿಯಲ್ಲಿ ಅದಕ್ಕೆ ಅಂಕಣವಿರದ ಕಾರಣ ಅವನು ಒಳಗೆ ಹೋಗಿ ಪ್ರಕಟಣೆ ಸಿದ್ಧಪಡಿಸಿದ: "ಒಂದು ಸೇರು ಕೊಟ್ಟವರು ಅದನ್ನು ಮರಳಿ ಪಡೆಯಲು ಇನ್ನೊಂದು ಸೇರು ತರತಕ್ಕದ್ದು. ತಳಿ ಯಾವುದಾದರೂ ನಡೆಯುತ್ತದೆ."

ಮುಂದಿನ ವಾರ ಕಲ್ಲೂರಿನಿಂದಲೂ ಜನ ಬಂದು ಸಾಲುಗಟ್ಟಿದರು. ಎಲ್ಲರ ಕಂಕುಳಲ್ಲೂ ಅಂಗಡಿಯ ಕಾಳಿನ ಗಂಟು. ಅಂಗಡಿಯವನು ಕೊಸರು ಹಾಕಲಿಲ್ಲವೆಂದು ಒಬ್ಬಿಬ್ಬರು ಗೊಣಗಿದ್ದು ಬಿಟ್ಟರೆ ಬೇರೆ ತಕರಾರು ಇರಲಿಲ್ಲ. ಸಾಲಿನಲ್ಲಿ ಮೊದಲಿಗೆ ನಿಂತವಳು ಮಾನಮ್ಮನ ಪಕ್ಕದ ಮನೆಯ ಹೀರಾಬಿ.

"ಮಾನಮ್ಮ ಕಳಿಸ್ಯಾಳ್ರೀ ಸಾಹೇಬ್ರ. ಕುರ್ಚಿ ಕೊಟ್ಟು ಕೂಡಿಸ್ತಾರ, ಭಾಳ ಒಳ್ಳೇ ಮನಷ್ಯಾ ಅಂದ್ಳು."

"ಬಿತ್ತಿದ್ರಾ ಅವ್ರು?"

"ಬಿತ್ಯಾಳ್ರೀ. ಮೊದಲು ಯಾವ ಸಸಿ ತಲಿ ಎತ್ತತದೋ ಅದನ್ನೇ ಅತ್ತೀದು ಅಂತ ತಿಳ್ಕೊಂತಾಳಂತ."

ಕಿರಣಕುಮಾರ ಕುರ್ಚಿ ಎಳೆದು ಕೊಟ್ಟು, ಕತ್ತರಿ ಎತ್ತಿಕೊಂಡ.